ನೀಲಿ-ಬಿಳಿ ಬಟ್ಟಲು ಮೊದಲು ಮಾಡಿದ್ದು ಯಾರು? ಬಸ್ರಾ, ಚೀನಾ ಮತ್ತು ಬಗೆಹರಿಯದ ಒಂದು ವಾದ

ಆಗಾಗ ಒಂದು ಸುದ್ದಿ ಬರುತ್ತದೆ: ನೀಲಿ-ಬಿಳಿ ಪಿಂಗಾಣಿ ಹುಟ್ಟಿದ್ದು ಚೀನಾದಲ್ಲಲ್ಲ, ಇರಾಕಿನಲ್ಲಿ ಅಂತ. ಸ್ವಲ್ಪ ದಿನಕ್ಕೆ ಇನ್ನೊಂದು ಸುದ್ದಿ: ಮುಳುಗಿದ ಹಡಗಿನಲ್ಲಿ ಸಿಕ್ಕ ಚೀನೀ ತಟ್ಟೆಗಳೇ ಅತಿ ಹಳೆಯ ನೀಲಿ-ಬಿಳಿ ತಟ್ಟೆಗಳು ಅಂತ. ಅದರ ಹಿಂದೆಯೇ ಮೂರನೆಯದು: ಇರಾಕಿನ ಕುಂಬಾರರು ಕಂಡುಹಿಡಿದರು ಅಂದುಕೊಂಡಿದ್ದ ಬಿಳಿ ಲೇಪದ ಬೇರು ಈಜಿಪ್ಟಿನಲ್ಲಿದೆ ಅಂತ. ಮೂರನ್ನೂ ಓದಿದವರಿಗೆ ತಲೆ ಕೆಡುತ್ತದೆ. ಯಾವುದನ್ನು ನಂಬಬೇಕು?

ಮೂರರಲ್ಲೂ ನಿಜ ಇದೆ. ಆದರೆ ಮೂರೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ. ಒಂದು ಬಟ್ಟಲಿನಲ್ಲಿ ಆಕಾರ ಬೇರೆ, ಮಣ್ಣು ಬೇರೆ, ಮೇಲಿನ ಲೇಪ ಬೇರೆ, ಬಣ್ಣ ಬೇರೆ. ಪ್ರತಿಯೊಂದೂ ಬೇರೆ ಬೇರೆ ದಾರಿಯಲ್ಲಿ ಬಂದಿದೆ. ತಲೆಬರಹದಲ್ಲಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದಾಗ ಗೊಂದಲ ಆಗುತ್ತದೆ. ಗಂಟು ಬಿಚ್ಚಿ ನೋಡಿದರೆ ಈ ಕಥೆ ತುಂಬಾ ಚೆನ್ನಾಗಿದೆ.

ಪಿಂಗಾಣಿ ಎಂಬ ಒಂದೇ ಪದ

ಅರ್ಧ ಗೊಂದಲ ನಮ್ಮ ಮಾತಿನಲ್ಲೇ ಇದೆ. ಬೆಳ್ಳಗೆ ಹೊಳೆಯುವ ಕಪ್ಪು-ಬಸಿ, ಉಪ್ಪಿನಕಾಯಿ ಜಾಡಿ, ತಟ್ಟೆ ಎಲ್ಲವನ್ನೂ ನಾವು ಪಿಂಗಾಣಿ ಅಂತಲೇ ಕರೆಯುತ್ತೇವೆ. ಆದರೆ ಇಲ್ಲಿ ಎರಡು ಬೇರೆ ವಸ್ತುಗಳಿವೆ.

ಚೀನಾದ ಪಿಂಗಾಣಿಗೆ ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣು ಬೇಕು. ಅದನ್ನು ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ಮಣ್ಣೇ ಗಟ್ಟಿಯಾಗಿ, ಬೆಳ್ಳಗಾಗಿ, ತಟ್ಟಿದರೆ ಠಣ್ ಅನ್ನುವಂತಾಗುತ್ತದೆ. ಒಡೆದು ನೋಡಿದರೆ ಒಳಗೂ ಬಿಳಿ.

ಇನ್ನೊಂದು, ಗ್ಲೇಜ್ ಹಾಕಿದ ಮಣ್ಣಿನ ಪಾತ್ರೆ. ಇದರ ಮಣ್ಣು ಸಾಮಾನ್ಯ ಮಡಕೆಯದ್ದೇ. ಸುಡುವ ಶಾಖವೂ ಕಡಿಮೆ, ಸಾವಿರ ಡಿಗ್ರಿಯ ಆಸುಪಾಸು. ಮಣ್ಣಿನಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ನೀರು ಜಿನುಗುತ್ತದೆ. ಅದಕ್ಕೆ ಮೇಲೆ ಗಾಜಿನಂಥ ಒಂದು ಪದರ ಕೊಡುತ್ತಾರೆ. ಅದೇ ಗ್ಲೇಜ್. ಇದನ್ನು ಒಡೆದರೆ ಒಳಗೆ ಹಳದಿ ಮಿಶ್ರಿತ ಮಣ್ಣು, ಅಂಚಿನಲ್ಲಿ ಉಗುರಿನಷ್ಟು ತೆಳುವಾದ ಬಿಳಿ ಪದರ. ಆರಂಭಿಕ ಇಸ್ಲಾಮಿಕ್ ಕಾಲದ ಪಾತ್ರೆಗಳೆಲ್ಲ ಈ ಎರಡನೇ ಬಗೆಯವು. ಹಾಗಾಗಿ 9ನೇ ಶತಮಾನದ ಇರಾಕಿನಲ್ಲಿ ಪಿಂಗಾಣಿ ಮಾಡುತ್ತಿದ್ದರು ಎಂದು ಬರೆದರೆ ಅದು ತಪ್ಪು. ಪಿಂಗಾಣಿಯಂತೆ ಕಾಣುವ ಮಣ್ಣಿನ ಬಟ್ಟಲು ಮಾಡುತ್ತಿದ್ದರು ಎಂದರೆ ಸರಿ.

ಬಸ್ರಾದ ಕುಂಬಾರರ ಮುಂದಿದ್ದ ಕಷ್ಟ

ಅಬ್ಬಾಸಿದ್ ಖಲೀಫರು 750ರಲ್ಲಿ ಅಧಿಕಾರಕ್ಕೆ ಬಂದರು. 762ರಲ್ಲಿ ಬಾಗ್ದಾದ್ ನಗರ ಶುರುವಾಯಿತು. ಪರ್ಷಿಯನ್ ಕೊಲ್ಲಿಯಿಂದ ಹೊರಟ ಹಡಗುಗಳು ಮಲಬಾರ್, ಸಿಂಹಳ ದಾಟಿ ಚೀನಾದ ಗ್ವಾಂಗ್‌ಝೌ ಬಂದರಿನ ತನಕ ಹೋಗಿಬರುತ್ತಿದ್ದವು. ವಾಪಸು ಬರುವಾಗ ಚೀನಾದ ಬಿಳಿ ಬಟ್ಟಲುಗಳನ್ನೂ ತಂದವು.

ಅವಕ್ಕೆ ಎಷ್ಟು ಬೆಲೆ ಇತ್ತು ಅನ್ನೋದಕ್ಕೆ ಬೈಹಕಿ ಎಂಬ ಇತಿಹಾಸಕಾರ ಬರೆದ ಒಂದು ಪ್ರಸಂಗ ಸಾಕು. ಖುರಾಸಾನದ ರಾಜ್ಯಪಾಲ ಅಲಿ ಇಬ್ನ್ ಈಸಾ ಖಲೀಫ ಹಾರೂನ್ ಅಲ್-ರಶೀದನಿಗೆ ಚೀನಾದ ಅರಮನೆ ದರ್ಜೆಯ 20 ಪಾತ್ರೆಗಳನ್ನೂ, ಅವುಗಳ ಜೊತೆಗೆ 2000 ಇತರ ಚೀನೀ ಪಾತ್ರೆಗಳನ್ನೂ ಕಾಣಿಕೆಯಾಗಿ ಕಳಿಸಿದ. ಹಾಗೆ ಬರೆದಿರುವ ಬೈಹಕಿ 11ನೇ ಶತಮಾನದವನು, ಹಾರೂನನ ಕಾಲಕ್ಕೂ ಅವನಿಗೂ ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರ. ಅಂಕಿಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ. ಆದರೆ ಖಲೀಫನಿಗೆ ಕೊಡುವಷ್ಟು ದೊಡ್ಡ ವಸ್ತು ಅದು ಎಂಬುದಂತೂ ಗೊತ್ತಾಗುತ್ತದೆ.

ದೊಡ್ಡವರ ಮನೆಯಲ್ಲಿ ಕಂಡದ್ದು ಪೇಟೆಯಲ್ಲೂ ಬೇಕು ಅನ್ನಿಸುವುದು ಸಹಜ, ಅಲ್ವಾ? ದಕ್ಷಿಣ ಇರಾಕಿನ ಬಂದರು ಬಸ್ರಾದ ಕುಂಬಾರರು ತಿಗರಿಯ ಮೇಲೆ ಅದೇ ಆಕಾರ ಎತ್ತಿದರು. ಅಗಲ ಬಾಯಿ, ಹೊರಕ್ಕೆ ಸುರುಳಿದ ಅಂಚು, ತಗ್ಗಾದ ತಳ. ಕಷ್ಟ ಬಂದದ್ದು ಬಿಳುಪಿನಲ್ಲಿ. ಟೈಗ್ರಿಸ್-ಯೂಫ್ರೆಟಿಸ್ ನದಿಗಳು ತಂದುಹಾಕಿದ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸುಟ್ಟರೆ ಅದು ಮಾಸಲು ಹಳದಿಗೆ ತಿರುಗುತ್ತದೆ. ಚೀನಾದಷ್ಟು ಶಾಖ ಕೊಟ್ಟರೆ ಬಟ್ಟಲು ಆವಿಗೆಯಲ್ಲೇ ಕರಗಿ ಕುಸಿಯುತ್ತದೆ. ಕೇಯೋಲಿನ್ ಅಲ್ಲಿ ಇರಲಿಲ್ಲ. ಮಣ್ಣನ್ನು ಬೆಳ್ಳಗೆ ಮಾಡಲು ಆಗದಿದ್ದಾಗ ಉಳಿದದ್ದು ಒಂದೇ ದಾರಿ, ಮಣ್ಣೇ ಕಾಣದ ಹಾಗೆ ಮುಚ್ಚುವುದು.

ಕಲಾಯಿಯ ತವರವೇ ಇಲ್ಲೂ

ಗ್ಲೇಜ್ ಅಂದರೆ ಗಾಜು. ಮಾಮೂಲಿ ಗಾಜು ಪಾರದರ್ಶಕ, ಅದರ ಹಿಂದಿನ ಮಣ್ಣು ಕಾಣುತ್ತದೆ. ಅದಕ್ಕೆ ತವರ ಸೇರಿಸಿದರೆ ಕಥೆ ಬದಲಾಗುತ್ತದೆ. ನಮ್ಮ ಅಡುಗೆಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದೆವಲ್ಲ, ಅದೇ ತವರ. ಕಲಾಯಿಯಲ್ಲಿ ಅದು ಲೋಹವಾಗಿಯೇ ಹರಡುತ್ತದೆ. ಗ್ಲೇಜ್‌ಗೆ ಬೇಕಾದರೆ ಸೀಸದ ಜೊತೆ ಕಾಯಿಸಿ ಪುಡಿ ಆಗುವ ತನಕ ಸುಡಬೇಕು. ಆ ಪುಡಿಯನ್ನು ಗಾಜಿನ ಪದಾರ್ಥಗಳ ಜೊತೆ ಬೆರೆಸಿ ಬಟ್ಟಲಿಗೆ ಲೇಪಿಸಿ ಸುಟ್ಟರೆ, ತವರದ ಆಕ್ಸೈಡ್ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಾಗಿ ಗಾಜಿನೊಳಗೆ ಚದುರಿ ನಿಲ್ಲುತ್ತದೆ. ಬೆಳಕು ಆ ಹರಳುಗಳಿಗೆ ತಾಗಿ ಎಲ್ಲಾ ಕಡೆಗೂ ಚೆಲ್ಲುತ್ತದೆ, ಮಣ್ಣಿನ ತನಕ ಹೋಗುವುದಿಲ್ಲ. ನೋಡುವವರಿಗೆ ಕಾಣುವುದು ಹಾಲಿನಂಥ ಬಿಳುಪು.

ತವರ ಇರಾಕಿನಲ್ಲಿ ಸಿಗದು, ದೂರದಿಂದ ತರಿಸಬೇಕು. ಹಾಗಾಗಿ ಇದು ಸುಮ್ನೆ ಅಗ್ಗದ ನಕಲು ಆಗಿರಲಿಲ್ಲ. ದುಡ್ಡು ಹಾಕಿ, ಲೆಕ್ಕ ಹಾಕಿ ಮಾಡಿದ ಕೆಲಸ.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ 9ನೇ ಶತಮಾನದ ಇಂಥ ಒಂದು ಬಟ್ಟಲಿದೆ. ಅಗಲ ಸುಮಾರು 20 ಸೆಂಟಿಮೀಟರ್, ಎತ್ತರ 6. ಊಟದ ಬಟ್ಟಲಷ್ಟೇ ಗಾತ್ರ. ಒಳಗೆಲ್ಲ ಬಿಳಿ, ನಡುವೆ ಕೋಬಾಲ್ಟ್ ಎಂಬ ಖನಿಜದ ನೀಲಿಯಲ್ಲಿ ಅರಬಿಯ ಒಂದೇ ಪದವನ್ನು ಎರಡು ಸಲ ಬರೆದಿದ್ದಾರೆ: ಘಿಬ್ತ, ಅಂದರೆ ಸಂತೋಷ. ಅಕ್ಷರಗಳ ಅಂಚು ಚೂಪಾಗಿಲ್ಲ. ಒದ್ದೆ ಬಟ್ಟೆಗೆ ಶಾಯಿ ತಾಗಿದಂತೆ ನೀಲಿ ಸ್ವಲ್ಪ ಹರಡಿದೆ. ಕಾರಣ ಇಷ್ಟೆ: ಬಣ್ಣ ಕುಳಿತದ್ದು ಗ್ಲೇಜ್ ಮೇಲೆ, ಆವಿಗೆಯಲ್ಲಿ ಗ್ಲೇಜ್ ಕರಗುವಾಗ ನೀಲಿಯೂ ಅದರೊಳಗೆ ಇಳಿದು ಕರಗಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅವರು ಕಣ್ಣೆದುರು ಇಟ್ಟುಕೊಂಡ ಚೀನಾದ ಬಿಳಿ ಬಟ್ಟಲುಗಳ ಮೇಲೆ ಏನೂ ಬರೆದಿರಲಿಲ್ಲ, ಖಾಲಿ ಬಿಳುಪೇ ಅವುಗಳ ಸೊಗಸು. ಬಸ್ರಾದವರು ಆ ಖಾಲಿ ಜಾಗವನ್ನು ಕಾಗದದ ಹಾಗೆ ಕಂಡು ಬರೆದರು. ನಕಲು ಮಾಡಲು ಕೂತವರು ಇನ್ನೊಂದೇ ವಸ್ತು ಮಾಡಿ ಎದ್ದರು. ನೀಲಿಯಿಂದ ಮುಂದೆ ಹೋಗಿ ಬೆಳ್ಳಿ ಮತ್ತು ತಾಮ್ರದ ಲವಣಗಳಿಂದ ಚಿನ್ನದಂತೆ ಹೊಳೆಯುವ 'ಲಸ್ಟರ್' ಬಣ್ಣವನ್ನೂ ತಂದರು. ಮೊದಲು ಈಜಿಪ್ಟ್-ಸಿರಿಯಾದಲ್ಲಿ ಗಾಜಿನ ಮೇಲೆ ಬಳಕೆಯಲ್ಲಿದ್ದ ವಿದ್ಯೆ ಅದು. ಟುನೀಶಿಯಾದ ಕೈರುವಾನ್ ಮಸೀದಿಯ ಮಿಹ್ರಾಬಿನ, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೂಡಿನ, ಸುತ್ತ ಇಂದಿಗೂ 9ನೇ ಶತಮಾನದ ನೂರಕ್ಕೂ ಹೆಚ್ಚು ಲಸ್ಟರ್ ಹಂಚುಗಳಿವೆ.

ಬೆಲಿತುಂಗ್ ಹಡಗು ತಂದ ತಿರುವು

ಇಷ್ಟರ ತನಕ ಕಥೆ ಸರಳ: ಬಿಳಿ ಚೀನಾದ್ದು, ನೀಲಿ ಬಸ್ರಾದ್ದು. ಇದನ್ನು ಅಲುಗಾಡಿಸಿದ್ದು 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಹತ್ತಿರ ಸಿಕ್ಕ ಒಂದು ಮುಳುಗಿದ ಹಡಗು. ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ, ಪಶ್ಚಿಮ ಏಷ್ಯಾದ ಮಾದರಿಯ ಹಡಗು. ಒಳಗೆ ಸುಮಾರು 60,000 ವಸ್ತುಗಳು, ಬಹುಪಾಲು ಚೀನಾದ ಚಾಂಗ್ಶಾ ಆವಿಗೆಗಳ ಬಟ್ಟಲುಗಳು. ಒಂದು ಬಟ್ಟಲಿನ ಮೇಲೆ ತಾರೀಖೇ ಕೆತ್ತಿದೆ, ನಮ್ಮ ಲೆಕ್ಕದಲ್ಲಿ ಅದು 826. ಹಾಗಾಗಿ ಹಡಗು ಮುಳುಗಿದ್ದು ಅದಾದ ಕೆಲವೇ ವರ್ಷಗಳಲ್ಲಿ ಅಂತ ಬಹಳಷ್ಟು ವಿದ್ವಾಂಸರ ಲೆಕ್ಕ.

ಆ ರಾಶಿಯಲ್ಲಿ ಮೂರು ತಟ್ಟೆಗಳು ನೀಲಿ-ಬಿಳಿ. ಇರಾಕಿನವಲ್ಲ, ಚೀನಾದ ಗೊಂಗ್‌ಶಿಯಾನ್ ಆವಿಗೆಗಳವು. ಒಡೆಯದೆ ಉಳಿದ ಚೀನೀ ನೀಲಿ-ಬಿಳಿಯಲ್ಲಿ ಇವೇ ಅತಿ ಹಳೆಯವು.

ಇಲ್ಲಿಂದ ವಾದ ಎರಡಾಗುತ್ತದೆ.

ಒಂದು ಕಡೆಯವರ ಮಾತು ಹೀಗೆ. ಆ ತಟ್ಟೆಗಳ ನಡುವೆ ವಜ್ರಾಕೃತಿ, ಅದರ ಸುತ್ತ ಗರಿಯಂಥ ಎಲೆಗಳಿವೆ. ಇದು ಚೀನಾದ ಚಿತ್ರವಲ್ಲ, ಬಸ್ರಾದ ಬಟ್ಟಲುಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರ. ಹಡಗು ಹೊರಟಿದ್ದೂ ಪಶ್ಚಿಮಕ್ಕೇ. ಅಂದರೆ ಕೊಳ್ಳುವವರ ರುಚಿ ತಿಳಿದ ಚೀನೀ ಕುಂಬಾರರು ಅವರಿಗಾಗಿಯೇ ಮಾಡಿದ ಮಾಲು ಇದು. ಇನ್ನೊಂದು ಸಾಕ್ಷಿ: ಚೀನಾದಲ್ಲಿ ಈ ಪ್ರಯೋಗ ಬೇರು ಬಿಡಲಿಲ್ಲ. 14ನೇ ಶತಮಾನದಲ್ಲಿ ಜಿಂಗ್‌ದೆಝೆನ್ ಆವಿಗೆಗಳು ಇರಾನಿನಿಂದ ಬಂದ ಕೋಬಾಲ್ಟ್ ಬಳಸಿ ನೀಲಿ-ಬಿಳಿಯನ್ನು ದೊಡ್ಡದಾಗಿ ಶುರುಮಾಡುವ ತನಕ ಅದು ಹೆಚ್ಚುಕಡಿಮೆ ಮಾಯವಾಗಿತ್ತು. ಅಲ್ಲೇ ಹುಟ್ಟಿದ ರುಚಿ ಆಗಿದ್ದರೆ ಹೀಗಾಗುತ್ತಿತ್ತೇ?

ಇನ್ನೊಂದು ಕಡೆಯವರು ಹೇಳುವುದು: ಗೊಂಗ್‌ಶಿಯಾನಿನ ಕುಂಬಾರರಿಗೆ ಕೋಬಾಲ್ಟ್ ಹೊಸದಲ್ಲ. ಚೀನಾದ ತಾಂಗ್ ರಾಜವಂಶದ ಕಾಲದ ಮೂರು ಬಣ್ಣದ ಪಾತ್ರೆಗಳಲ್ಲಿ, ಬಸ್ರಾಕ್ಕಿಂತ ಮೊದಲೇ, ನೀಲಿ ಬಂದಿದೆ. ಅದನ್ನು ಬಿಳಿಯ ಮೇಲೆ ಹಾಕಲು ಹೊರಗಿನವರು ಹೇಳಿಕೊಡಬೇಕಿರಲಿಲ್ಲ. ಮತ್ತೆ, ತಾರೀಖು ಗಟ್ಟಿಯಾಗಿರುವುದು ಚೀನೀ ತಟ್ಟೆಗಳಿಗೇ ಹೊರತು ಬಸ್ರಾದ ಬಟ್ಟಲುಗಳಿಗಲ್ಲ.

ಮೊದಲ ವಾದದ ಚಿತ್ರದ ಸಾಕ್ಷಿ ನನಗೆ ಬಲವಾಗಿ ಕಾಣುತ್ತದೆ. ಆದರೆ ಎರಡನೇ ಕಡೆಯವರು ಎತ್ತಿದ ತಾರೀಖಿನ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇಡೀ ಗೊಂದಲದ ಮೂಲ ಅಲ್ಲೇ ಇದೆ.

ಸಾಮರ್ರಾದ ತಾರೀಖು ಯಾಕೆ ಅಲುಗಾಡುತ್ತದೆ

ಖಲೀಫ ಅಲ್-ಮುಅತಸಿಮ್ 836ರಲ್ಲಿ ರಾಜಧಾನಿಯನ್ನು ಬಾಗ್ದಾದಿನಿಂದ ಸಾಮರ್ರಾಕ್ಕೆ ಬದಲಿಸಿದ. 892ರಲ್ಲಿ ರಾಜಧಾನಿ ವಾಪಸು ಬಾಗ್ದಾದಿಗೆ ಹೋಯಿತು. ನಡುವೆ 56 ವರ್ಷ. 1911ರಿಂದ 1913ರ ತನಕ ಜರ್ಮನಿಯ ಫ್ರೀಡ್ರಿಷ್ ಸಾರ್ರೆ ಮತ್ತು ಎರ್ನ್‌ಸ್ಟ್ ಹರ್ಟ್ಸ್‌ಫೆಲ್ಡ್ ಅಲ್ಲಿ ಅಗೆದಾಗ ಚೀನೀ ಬಿಳಿ ಚೂರು, ಬಸ್ರಾ ಮಾದರಿಯ ನೀಲಿ-ಬಿಳಿ ಚೂರು, ಲಸ್ಟರ್ ಎಲ್ಲವೂ ಸಿಕ್ಕವು. ಊರು ಬದುಕಿದ್ದೇ 56 ವರ್ಷ, ಹಾಗಾದರೆ ಸಿಕ್ಕಿದ್ದೆಲ್ಲ ಆ 56 ವರ್ಷದ್ದೇ ಎಂದು ಲೆಕ್ಕ ಹಾಕಿದರು. ಬೇರೆ ಕಡೆ ಇದೇ ಬಗೆಯ ಚೂರು ಸಿಕ್ಕಾಗಲೂ ಸಾಮರ್ರಾ ಕಾಲದ್ದು ಅಂತ ಬರೆದರು.

ಲೆಕ್ಕದಲ್ಲಿ ಎರಡು ತೊಂದರೆ ಇವೆ. ರಾಜಧಾನಿ ಹೋದರೂ ಊರು ಪೂರ್ತಿ ಖಾಲಿ ಆಗಲಿಲ್ಲ, ಜನ ಇದ್ದರು, ಪಾತ್ರೆ ಒಡೆಯುತ್ತಲೇ ಇತ್ತು. ಎರಡನೆಯದಾಗಿ, ಆಗಿನ ಅಗೆತದಲ್ಲಿ ಯಾವ ಚೂರು ಯಾವ ಪದರದಲ್ಲಿ ಸಿಕ್ಕಿತು ಎಂಬುದನ್ನು ಇಂದಿನಷ್ಟು ನಿಗಾ ಇಟ್ಟು ಬರೆದಿಡುತ್ತಿರಲಿಲ್ಲ. ಮೇಲಾಗಿ ಚೂರುಗಳು ಹಲವು ದೇಶಗಳ ಮ್ಯೂಸಿಯಂಗಳಿಗೆ ಹಂಚಿಹೋದವು.

ಒಂದು ಕಡೆಯ ಈ ಸಡಿಲು ಲೆಕ್ಕ ಸಾವಿರಾರು ಚೂರುಗಳಿಗೆ ತಗುಲಿದೆ. ಬಸ್ರಾದ ನೀಲಿ-ಬಿಳಿ 800ರ ಹೊತ್ತಿಗೇ ಶುರುವಾಯಿತೋ, 840ರಲ್ಲೋ ಎಂಬುದು ಸಾಮರ್ರಾದಿಂದ ತಿಳಿಯುವುದಿಲ್ಲ. ಬೆಲಿತುಂಗ್ ತಟ್ಟೆಗಳು ಇರುವುದು ಸರಿಯಾಗಿ ಇವೆರಡರ ನಡುವೆ. ಯಾರು ಮೊದಲು ಎಂಬ ಪ್ರಶ್ನೆ ಆ ಮೂವತ್ತು-ನಲವತ್ತು ವರ್ಷಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ಎಲ್ಲಿ ಮಾಡಿದರು ಎಂಬುದಕ್ಕೆ ಮಾತ್ರ ಒಳ್ಳೆಯ ಉತ್ತರ ಸಿಕ್ಕಿದೆ. ಇರಾನ್ ಕರಾವಳಿಯ ಸೀರಾಫ್ ಬಂದರಿನ ಚೂರುಗಳನ್ನು ಕಾಗದಕ್ಕಿಂತ ತೆಳುವಾಗಿ ಅರೆದು, ಮಣ್ಣಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ರಾಬರ್ಟ್ ಮೇಸನ್ ಮತ್ತು ಎಡ್ವರ್ಡ್ ಕೀಲ್ 1991ರಲ್ಲಿ ಆ ಮಣ್ಣು ಬಸ್ರಾದ್ದು ಎಂದು ತೋರಿಸಿದರು.

ತವರದ ವಿದ್ಯೆ ಈಜಿಪ್ಟಿನಿಂದ ಬಂತೇ?

ಈಗ ಮೂರನೇ ಸುದ್ದಿ. ಚೀನಾದ ಬಿಳುಪನ್ನು ಹಿಡಿಯಲು ಬಸ್ರಾದವರೇ ತವರದ ಗ್ಲೇಜ್ ಕಂಡುಹಿಡಿದರು ಅಂತ ಹಳೆಯ ವಾದ. 2018ರಲ್ಲಿ ಮೌಜಾನ್ ಮತೀನ್, ಮೈಕಲ್ ಟೈಟ್ ಮತ್ತು ಆಲಿವರ್ ವಾಟ್ಸನ್ ಪ್ರಕಟಿಸಿದ ಅಧ್ಯಯನ ಇದನ್ನು ಪ್ರಶ್ನಿಸಿತು. 8ನೇ ಶತಮಾನದಲ್ಲೇ ಈಜಿಪ್ಟ್ ಮತ್ತು ಸಿರಿಯಾ-ಪ್ಯಾಲೆಸ್ಟೈನ್ ಭಾಗದ ಪಾತ್ರೆಗಳ ಗ್ಲೇಜ್‌ನಲ್ಲಿ ತವರ ಇದೆ ಎಂದು ಅವರು ತೋರಿಸಿದರು. ಅದು ಬಿಳಿ ಅಲ್ಲ, ಹಳದಿ. ತವರ ಮತ್ತು ಸೀಸ ಕೂಡಿಕೊಂಡ ಸಂಯುಕ್ತ ಹಳದಿ ಬಣ್ಣ ಕೊಡುತ್ತದೆ. ತವರದ ಆಕ್ಸೈಡ್ ಒಂದೇ ಹರಳಾಗಿ ನಿಂತರೆ ಬಿಳಿ. ಆ ಭಾಗದ ಗಾಜಿನ ಕೆಲಸಗಾರರಂತೂ ತವರವನ್ನು 4ನೇ ಶತಮಾನದಿಂದಲೇ ಬಳಸುತ್ತಿದ್ದರು.

ಅಂದರೆ ಗಾಜಿನವರಿಂದ ಕುಂಬಾರರಿಗೆ, ಹಳದಿಯಿಂದ ಬಿಳಿಗೆ, ಈಜಿಪ್ಟ್-ಸಿರಿಯಾದಿಂದ ಇರಾಕಿಗೆ ಈ ವಿದ್ಯೆ ದಾಟಿತು. ಒಂದೇ ಸಾಮ್ರಾಜ್ಯ ಆಗಿದ್ದರಿಂದ ಕೆಲಸಗಾರರು ಓಡಾಡುವುದು ಕಷ್ಟವಿರಲಿಲ್ಲ. ಹಾಗಂತ ಚೀನಾದ ಪಾತ್ರ ಇಲ್ಲವೇ ಇಲ್ಲ ಎನ್ನುವುದೂ ತಪ್ಪು. ತವರದ ವಿದ್ಯೆ ಕೈಯಲ್ಲಿ ಮೊದಲೇ ಇತ್ತು. ಅದನ್ನು ಬಿಳಿಗೆ, ಅದೂ ಸುರುಳಿ ಅಂಚಿನ ಬಟ್ಟಲಿಗೆ ತಿರುಗಿಸಲು ಕಾರಣ ಚೀನಾದ ಮಾಲು. ಈ ಎರಡು ಮಾತು ಒಂದಕ್ಕೊಂದು ಎದುರಲ್ಲ. ತಲೆಬರಹಗಳಲ್ಲಿ ಮಾತ್ರ ಎದುರಾಳಿಗಳಂತೆ ಕಾಣುತ್ತವೆ.

ಮುಂದಿನ ದಾರಿಯ ಬಗ್ಗೆ ಅಷ್ಟು ಜಗಳ ಇಲ್ಲ. 871ರಲ್ಲಿ ದಂಗೆ ಎದ್ದ ಝಂಜರು, ಅಂದರೆ ಪೂರ್ವ ಆಫ್ರಿಕಾ ಮೂಲದ ಗುಲಾಮರು, ಬಸ್ರಾವನ್ನು ಕೊಳ್ಳೆಹೊಡೆದರು. ನಂತರದ ಶತಮಾನದಲ್ಲಿ ಲಸ್ಟರ್ ವಿದ್ಯೆ ಈಜಿಪ್ಟಿನ ಫುಸ್ತಾತ್‌ನಲ್ಲಿ ಕಾಣುತ್ತದೆ. ತವರದ ಬಿಳಿ ಗ್ಲೇಜ್ ಸ್ಪೇನ್, ಇಟಲಿ ದಾಟಿ ಕೊನೆಗೆ ಹಾಲೆಂಡಿನ ಡೆಲ್ಫ್ಟ್ ತಲುಪಿತು.

ವಾದದ ಬಿಸಿ ಯಾರಿಗೆ ತಟ್ಟುತ್ತದೆ

ಇದು ಬರೀ ಪಂಡಿತರ ಜಗಳ ಅಲ್ಲ. ಅತಿ ಹಳೆಯದು, ಮೊದಲನೆಯದು ಎಂಬ ಮಾತಿಗೆ ಹರಾಜಿನಲ್ಲಿ ಬೆಲೆ ಏರುತ್ತದೆ. ಬೆಲೆ ಏರಿದರೆ ಕದ್ದು ಅಗೆಯುವವರೂ ಹೆಚ್ಚುತ್ತಾರೆ. ಕದ್ದು ಅಗೆದ ಬಟ್ಟಲಿಗೆ ಪದರ ಇಲ್ಲ, ಜಾಗ ಇಲ್ಲ, ಹಾಗಾಗಿ ತಾರೀಖೂ ಇಲ್ಲ. ಈ ವಾದ ಬಗೆಹರಿಸಲು ಬೇಕಾದ ಸಾಕ್ಷಿಯೇ ಹಾಗೆ ಅಳಿಸಿಹೋಗುತ್ತದೆ.

ಇರಾನಿನ ನಿಶಾಪುರದ ಬಟ್ಟಲುಗಳ ಕಥೆ ಇದಕ್ಕೆ ಉದಾಹರಣೆ. ಮೆಟ್ರೋಪಾಲಿಟನ್ ಮ್ಯೂಸಿಯಂನವರು 1935ರಿಂದ ಅಲ್ಲಿ ಅಗೆದು 10ನೇ ಶತಮಾನದ ಸೊಗಸಾದ ಪಾತ್ರೆಗಳನ್ನು ಹೊರತಂದರು. ಬಿಳಿ ಹಿನ್ನೆಲೆಯಲ್ಲಿ ಕಪ್ಪಕ್ಷರದ ಗಾದೆ ಬರೆದ ಪಾತ್ರೆಗಳು ಈ ಪ್ರದೇಶದ ಹೆಗ್ಗುರುತು. ಅವುಗಳಿಗೆ ಹೆಸರು ಬಂದ ಮೇಲೆ ಪೇಟೆಗೆ ಅಂಟಿಸಿದ ಬಟ್ಟಲುಗಳೂ ಬಂದವು: ನಾಲ್ಕೈದು ಹಳೇ ಬಟ್ಟಲುಗಳ ಚೂರು ಕೂಡಿಸಿ, ಸಂದಿಗೆ ಬಣ್ಣ ಬಳಿದು ಒಂದು ಮಾಡಿದವು. ಮಣ್ಣು ಕೊನೆಯ ಸಲ ಯಾವಾಗ ಬೆಂಕಿ ಕಂಡಿತು ಎಂದು ಅಳೆಯುವ ಥರ್ಮೋಲುಮಿನೆಸೆನ್ಸ್ ಪರೀಕ್ಷೆಯೂ ಇಲ್ಲಿ ಮೋಸ ಹೋಗಬಹುದು. ಪರೀಕ್ಷೆಗೆ ಚಿಟಿಕೆ ಪುಡಿ ತೆಗೆದ ಜಾಗದ ಚೂರು ನಿಜಕ್ಕೂ ಹಳೆಯದೇ ಆಗಿರುತ್ತದೆ!

ಬೆಲಿತುಂಗ್ ಮಾಲಿನದ್ದು ಇನ್ನೊಂದು ಬಗೆಯ ತಕರಾರು. ಅದನ್ನು ಸಮುದ್ರದಿಂದ ಎತ್ತಿದ್ದು ವ್ಯಾಪಾರಿ ಕಂಪನಿ. ಅದರ ಬಹುಭಾಗ 2005ರಲ್ಲಿ ಸಿಂಗಪುರಕ್ಕೆ ಮಾರಾಟವಾಯಿತು. ಪುರಾತತ್ವದವರ ಆಕ್ಷೇಪದಿಂದ 2011ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ತನ್ನ ಪ್ರದರ್ಶನವನ್ನು ಕೈಬಿಟ್ಟಿತು. ಎತ್ತದಿದ್ದರೆ ಕಳ್ಳರ ಪಾಲಾಗುತ್ತಿತ್ತು ಎಂಬ ಮಾತೂ ಇದೆ, ಎತ್ತುವ ಅವಸರದಲ್ಲಿ ಮಾಹಿತಿ ಹೋಯಿತು ಎಂಬ ಮಾತೂ ಇದೆ. ಎರಡೂ ನಿಜವಾಗಿರಬಹುದು.

ಹಸಿರು-ನೀಲಿ ಚೂರು ಮತ್ತು ಮಳಖೇಡದ ದೊರೆಗಳು

ಬಿಳಿ ಬಟ್ಟಲಿನ ಗದ್ದಲದಲ್ಲಿ ಇನ್ನೊಂದು ಪಾತ್ರೆ ಮರೆತೇಹೋಗುತ್ತದೆ. ಅದು ಹಸಿರು-ನೀಲಿ ಗ್ಲೇಜಿನ ದಪ್ಪ ಹೂಜಿ. ಇದಕ್ಕೆ ತವರ ಬೇಡ, ಸೀಸ ಬೇಡ. ಮರಳು, ಮರುಭೂಮಿ ಗಿಡದ ಬೂದಿ, ಚೂರು ತಾಮ್ರ. ಬೂದಿಯ ಕ್ಷಾರದಲ್ಲಿ ಕರಗಿದರೆ ತಾಮ್ರ ಹಸಿರು-ನೀಲಿ ಕೊಡುತ್ತದೆ, ಸೀಸದಲ್ಲಿ ಕರಗಿದರೆ ಎಲೆ ಹಸಿರು.

ವ್ಯಾಪಾರದ ಹೂಜಿ ಆದ್ದರಿಂದ ಇದು ಎಲ್ಲೆಲ್ಲೂ ಹೋಯಿತು. ಜಪಾನಿನ ನಾರಾದಲ್ಲಿ ಸೈದೈಜಿ ದೇವಾಲಯದ ಹಳೆಯ ಆವರಣದ ಕಾಲುವೆಯಲ್ಲಿ ಇದರ ಚೂರುಗಳು 768ರ ತಾರೀಖಿನ ಮರದ ಪಟ್ಟಿಯ ಜೊತೆ ಸಿಕ್ಕವು. ಚೀನಾದ ಫುಝೌನಲ್ಲಿ 930ರಲ್ಲಿ ತೀರಿಕೊಂಡ ರಾಣಿ ಲಿಯು ಹುವಾ ಸಮಾಧಿಯಲ್ಲಿ ಮೂರು ಇಡೀ ಹೂಜಿಗಳೇ ಇದ್ದವು. ಶ್ರೀಲಂಕಾದ ಮಾಂತೈ, ಕೇರಳದ ಪಟ್ಟಣಂ, ಗುಜರಾತಿನ ಸಂಜಾನ್‌ನಲ್ಲೂ ಚೂರುಗಳು ಬಂದಿವೆ.

ಆದರೆ ಇದನ್ನು ಇಸ್ಲಾಮಿಕ್ ಎನ್ನಬೇಕೇ? ಇರಾಕ್-ಇರಾನ್ ಭಾಗದಲ್ಲಿ ಈ ಗ್ಲೇಜ್ ಇಸ್ಲಾಂಗಿಂತ ಹಳೆಯದು. ಸಸಾನಿಯನ್ ದೊರೆಗಳ ಕಾಲದಲ್ಲೂ ಇತ್ತು, ಅರಬರು ಬಂದ ಮೇಲೂ ಅದೇ ಆವಿಗೆ ಉರಿಯಿತು. ಹೂಜಿಯ ಬಾಯಿಯೋ ಅಂಟಿಸಿದ ಅಲಂಕಾರವೋ ಸಿಗದೆ ಹೊಟ್ಟೆಯ ಭಾಗದ ಚೂರು ಮಾತ್ರ ಸಿಕ್ಕರೆ ಯಾವ ಕಾಲದ್ದು ಎನ್ನುವುದು ಕಷ್ಟ. ಅದಕ್ಕೇ ವರದಿಗಳಲ್ಲಿ ಸಸಾನಿಯನ್-ಇಸ್ಲಾಮಿಕ್ ಎಂಬ ಜೋಡಿ ಹೆಸರು ಇರುತ್ತದೆ. ಇಲ್ಲಿ ಇಸ್ಲಾಮಿಕ್ ಎಂದರೆ ಆಳ್ವಿಕೆಯ ಕಾಲ ಅಷ್ಟೆ, ಕುಂಬಾರನ ಧರ್ಮವಲ್ಲ.

ಸಂಜಾನ್ ಕನ್ನಡಿಗರಿಗೆ ಹತ್ತಿರದ ಊರು. ಈ ಹೂಜಿಗಳು ಬರುತ್ತಿದ್ದ ಕಾಲದಲ್ಲಿ ಆ ಬಂದರು ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರ ಕೈಯಲ್ಲಿತ್ತು. ಸಾಮರ್ರಾದಲ್ಲಿ ಅರಮನೆ ಏಳುತ್ತಿದ್ದಾಗ ಇಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಅರಬ್ ಬರಹಗಾರರು ರಾಷ್ಟ್ರಕೂಟ ದೊರೆಯನ್ನು ಬಲ್ಹರಾ ಎಂದು ಕರೆದು, ಜಗತ್ತಿನ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಎಂದು 851ರ ಹೊತ್ತಿಗೆ ಬರೆದಿದ್ದಾರೆ.

ಮಹಾರಾಷ್ಟ್ರದ ಚಿಂಚಣಿಯಲ್ಲಿ ಸಿಕ್ಕ 926ರ ತಾಮ್ರಪಟ ಮೂರನೇ ಇಂದ್ರನ ಕಾಲದ್ದು. ಸಂಜಾನ್ ಸೀಮೆಯನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದವನು ಒಬ್ಬ ತಾಜಿಕ, ಅಂದರೆ ಅರಬ, ಎಂದು ಅದು ಹೇಳುತ್ತದೆ. ಅವನ ಹೆಸರು ಮುಹಮ್ಮದ್, ತಾಮ್ರಪಟದ ಸಂಸ್ಕೃತದಲ್ಲಿ ಅದು ಮಧುಮತಿ ಆಗಿದೆ. ಅವನು ಹೊಳೆ ದಾಟಲು ಪುಕ್ಕಟೆ ದೋಣಿ ಇಡಿಸಿದ, ದಾರಿಹೋಕರಿಗೆ ಅನ್ನ, ಪಲ್ಯ, ತುಪ್ಪ ಬಡಿಸುವ ಒಂದು ಛತ್ರ ಕಟ್ಟಿಸಿದ. ಅಲ್ಲಿನ ದೇವಿಯ ಮಠಕ್ಕೆ ದತ್ತಿ ಬಿಟ್ಟ. ಅದೇ ಊರಿನ ಮಣ್ಣಿನಿಂದ ಪುರಾತತ್ವದವರು ಹಸಿರು-ನೀಲಿ ಚೂರುಗಳನ್ನು ಎತ್ತಿದ್ದಾರೆ.